‘ಕೋರ್ಟು ಬಿಡಬಹುದು, ಅಲ್ಲಾಹ್ ಬಿಡ್ತಾನಾ?’

ನನ್ನ ಬಳಿ ಸಲಹೆಗೆ ಬಂದ ಹೆಣ್ಣುಮಗಳೊಬ್ಬರ ಗಂಡ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜಿನಲ್ಲಿ ಮೂರು ಸಲ ತಲಾಖ್ ಹೇಳಿ, ವಾರದೊಳಗೆ ಆಕೆಯನ್ನು ವಾಪಸ್ ಕರೆದೊಯ್ಯಲು ಬಂದ. ಮನೆಯ ದೊಡ್ಡವರು ಒಪ್ಪಲಿಲ್ಲ. ಬೇರೊಬ್ಬನ ಜೊತೆ ನಿಕಾಹ್ ಆಗಿ, ಕೂಡಿ, ಅವನಿಂದ ತಲಾಖ್ ಪಡೆದು, ಇದ್ದತ್ (ಮರುಮದುವೆಗೆ ಮುನ್ನ ಕಾಯಬೇಕಾದ ಅವಧಿ) ಕಳೆದರೆ ಮಾತ್ರ ಹಳೆಯ ಗಂಡನ ಬಳಿ ಹೋಗಬಹುದು ಎಂದರು, ಅದೇ ಹಲಾಲ. ಆಕೆ ಎರಡು ಮಕ್ಕಳ ತಾಯಿ. ಉಳಿದ ವಿವರ ಬದಲಿಸಿದ್ದೇನೆ. ಇಂಥ ಪ್ರಕರಣಗಳು ಇನ್ನೂ ಬರುತ್ತಿರುವುದರಿಂದ ಬರೆಯಬೇಕಾಯಿತು.

2017ರಲ್ಲಿ ಸುಪ್ರೀಂ ಕೋರ್ಟ್ ಇಂಥ ತಲಾಖನ್ನು ತಳ್ಳಿಹಾಕಿತು. 2019ರ ಕಾಯ್ದೆಯಂತೆ ಅದು ಅಸಿಂಧು, ಹೇಳಿದವನಿಗೆ 3 ವರ್ಷದವರೆಗೆ ಜೈಲು. ಅಂದರೆ ಮದುವೆ ಮುರಿದೇ ಇಲ್ಲ. ಇದನ್ನೆಲ್ಲ ಕೇಳಿಸಿಕೊಂಡು ಆಕೆ ಅಂದದ್ದು: “ಕೋರ್ಟು ಬಿಡಬಹುದು ಮೇಡಂ, ಅಲ್ಲಾಹ್ ಬಿಡ್ತಾನಾ? ಹಾಗೇ ಹೋಗಿ ಬಾಳಿದ್ರೆ ಹರಾಮ್ ಅಲ್ವಾ?”

ಕಾಯ್ದೆಯ ಕಲಮು ಈ ಭಯಕ್ಕೆ ಉತ್ತರವಲ್ಲ. ಕುರ್‌ಆನಿನ 2ನೇ ಅಧ್ಯಾಯದ 229ನೇ ವಚನ ತೆಗೆದು ಓದಿಸಿದೆ: ತಲಾಖ್ ಎರಡು ಬಾರಿ, ಆಮೇಲೆ ಮರ್ಯಾದೆಯಿಂದ ಇಟ್ಟುಕೊಳ್ಳಬೇಕು ಇಲ್ಲವೇ ಒಳ್ಳೆಯತನದಿಂದ ಕಳಿಸಿಕೊಡಬೇಕು. ಒಂದೇ ಸಲಕ್ಕೆ ಹೇಳಿದ ಮೂರನ್ನು ಅಹ್ಲೆ ಹದೀಸ್ ಪಂಥದವರು ಒಂದೇ ಎಂದು ಎಣಿಸುತ್ತಾರೆ, ಆಗ ಹಲಾಲದ ಮಾತೇ ಬರುವುದಿಲ್ಲ. ಈಜಿಪ್ಟ್ 1929ರಲ್ಲೇ ಹಾಗೆ ಕಾನೂನು ಮಾಡಿತು. ಪಾಕಿಸ್ತಾನದ 1961ರ ಕಾನೂನಿನಲ್ಲಿ ನೋಟಿಸ್ ಕೊಟ್ಟು 90 ದಿನ ಕಾಯಬೇಕು. ಮೊದಲೇ ಮಾತಾಡಿಕೊಂಡು ಹಲಾಲ ಮಾಡುವವನನ್ನೂ ಮಾಡಿಸುವವನನ್ನೂ ಶಪಿಸುವ ಹದೀಸ್ (ಪ್ರವಾದಿಯವರ ಮಾತು) ಕೂಡ ಇದೆ.

“ಇದನ್ನ ನಮಗೆ ಯಾರೂ ಹೇಳ್ಲೇ ಇಲ್ವಲ್ಲ!” ಎಂದರು ಆಕೆ.

ಹೇಳುವುದಿಲ್ಲ. ಹಲವು ಅಭಿಪ್ರಾಯಗಳಿರುವ ಕಡೆ ಒಂದನ್ನೇ ದೇವರ ಮಾತೆಂದು ಮುಂದಿಡುವುದೇ ಮೂಲಭೂತವಾದದ ಕಸುಬು. ಸಂವಿಧಾನ ಇರುವಾಗ ಧರ್ಮಗ್ರಂಥ ಯಾಕೆ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದುಂಟು. ಆ ಮನೆಯಲ್ಲಿ ರಾತ್ರಿ ಮಲಗಬೇಕಾದವರು ಆಕೆ, ಆಕ್ಷೇಪಿಸುವವರಲ್ಲ. ಫತ್ವಾ ಕೊಡುವುದು ನನ್ನ ಕೆಲಸವಲ್ಲ. ಬೇರೆ ಆಲಿಮರನ್ನು (ಧರ್ಮವಿದ್ವಾಂಸರನ್ನು) ಕೇಳಿ ನೋಡಿ ಎಂದೂ ಹೇಳಿದೆ. ಫತ್ವಾಕ್ಕೆ ಕಾನೂನಿನ ಬಲವಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ.

ನಂತರದ ಸಲಹೆ ಸರಳ. ವಾಯ್ಸ್ ಮೆಸೇಜ್ ಅಳಿಸಬೇಡಿ, ಅದು ಬಂದ ಫೋನನ್ನೂ ಮಾರಬೇಡಿ. ಬರೀ ನಕಲನ್ನು ಹಾಜರುಪಡಿಸಿದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ನಿಕಾಹ್‌ನಾಮಾದ ಪ್ರತಿ, ಮಕ್ಕಳ ಜನನ ಪ್ರಮಾಣಪತ್ರ, ಗಂಡನ ಸಂಪಾದನೆಯ ಯಾವುದಾದರೂ ದಾಖಲೆ ತವರಿನಲ್ಲಿರಲಿ. ಜೀವನಾಂಶಕ್ಕೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಮನೆಯಿಂದ ಹೊರಹಾಕಿದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೂಲಕ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿ.

ಪೊಲೀಸ್ ದೂರನ್ನು ಕೊನೆಗಿಟ್ಟೆ. ದಿನಗೂಲಿಯ ಗಂಡ ಜೈಲು ಸೇರಿದರೆ ಮಕ್ಕಳ ಖರ್ಚು ನಿಲ್ಲುತ್ತದೆ, ಮನೆಯವರೆಲ್ಲ ಆಕೆಯ ಮೇಲೆಯೇ ತಿರುಗಿಬೀಳುತ್ತಾರೆ. ಆದರೆ ಹಲಾಲಕ್ಕೆ ಬಲವಂತ ಮಾಡಿದರೆ ಈ ಲೆಕ್ಕಾಚಾರವಿಲ್ಲ: ತಕ್ಷಣ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ, ಅಥವಾ ಮಹಿಳಾ ಸಹಾಯವಾಣಿ 181.