ಅರ್ಧಕ್ಕೇ ನಿಲ್ಲಿಸಿದ ವಚನ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ಪಕ್ಕಕ್ಕೆ ಎತ್ತಿಟ್ಟುಕೊಂಡೆ. ಬರೆದವರು ಒಬ್ಬ ವ್ಯಾಪಾರಿ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಹತ್ತು ವರ್ಷದ ಹಿಂದೆ ಕೈಯಲ್ಲಿ ಏನೂ ಇರಲಿಲ್ಲವಂತೆ. ಈಗ ಸ್ವಂತ ಮನೆ, ಕಾರು, ಆರು ಜನ ಕೆಲಸದವರು. ‘ಇದೆಲ್ಲ ನಿನ್ನ ನಂಬಿಕೆಗೆ ಸಿಕ್ಕ ಆಶೀರ್ವಾದ ಎಂದು ನಮ್ಮ ಪಾಸ್ಟರ್ ಹೇಳುತ್ತಾರೆ. ಐಶ್ವರ್ಯವಂತ ಪರಲೋಕಕ್ಕೆ ಹೋಗಲಾರ ಎಂದು ನನ್ನ ಭಾವ ಚುಚ್ಚುತ್ತಾರೆ. ಯಾರ ಮಾತು ಸರಿ? ಗಳಿಕೆಯ ಹತ್ತರಲ್ಲಿ ಒಂದು ಪಾಲು ಸಭೆಗೆ ಕೊಡುವ ದಶಮಾಂಶ ಒಂದು ತಿಂಗಳೂ ತಪ್ಪಿಸಿಲ್ಲ. ಅದಕ್ಕಿಂತ ಜಾಸ್ತಿ ಕೊಡಬೇಕೇ?’ ಎಂಬುದು ಅವರ ಪ್ರಶ್ನೆ. ಸಹಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೆರಡು ಮಾತು: ‘ನಮ್ಮಲ್ಲಿ ಕೆಲಸ ಮಾಡುವ ಒಬ್ಬರು ಮಗಳ ಕಾಲೇಜು ಫೀಸಿಗೆ ಸಾಲ ಕೇಳಿದರು. ಈ ತಿಂಗಳ ದಶಮಾಂಶ ಕೊಟ್ಟಾಯ್ತು, ಆಗಲ್ಲ ಅಂದೆ. ಆವತ್ತಿಂದ ಸರಿಯಾಗಿ ನಿದ್ದೆ ಇಲ್ಲ.’

ಆತ್ಮೀಯರೇ, ಮೊದಲು ನಿಮ್ಮ ಭಾವನವರ ಮಾತು ಮುಗಿಸಿಬಿಡೋಣ. ದುಡ್ಡು ಇರುವುದೇ ಪಾಪ ಎಂದು ಸತ್ಯವೇದ ಎಲ್ಲೂ ಹೇಳುವುದಿಲ್ಲ. ಅಬ್ರಹಾಮ ಸಿರಿವಂತ. ಯೋಬನೂ ಅಷ್ಟೇ. ಯೇಸುವಿನ ದೇಹವನ್ನು ತನ್ನ ಹೊಸ ಸಮಾಧಿಯಲ್ಲಿ ಇಟ್ಟ ಅರಿಮಥಾಯದ ಯೋಸೇಫ ಐಶ್ವರ್ಯವಂತ. ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಲ್ಲಿ ನುಗ್ಗುವುದು ಸುಲಭ ಎಂದ ಯೇಸುವೇ ಎರಡು ವಚನ ದಾಟಿದ ಮೇಲೆ ದೇವರಿಗೆ ಎಲ್ಲವೂ ಸಾಧ್ಯ ಎಂದೂ ಹೇಳಿದ್ದಾನೆ. ನೀವು ಕಷ್ಟಪಟ್ಟು ದುಡಿದಿದ್ದೀರಿ, ಸಂತೋಷ. ದೇವರು ಕೊಟ್ಟ ಎನ್ನುತ್ತೀರಿ, ಅದು ಇನ್ನೂ ಸಂತೋಷ.

ಆದರೆ ನಿಮ್ಮ ಪಾಸ್ಟರ್ ಹೇಳುವ ಆಶೀರ್ವಾದದ ಬಗ್ಗೆ ನನಗೆ ತುಂಬ ಹೇಳುವುದಿದೆ.

ನನ್ನ ಮೇಜಿನ ಮೇಲೆ ಅಪ್ಪನ ಬೈಬಲ್ ಇದೆ. ಬೆನ್ನು ಕಿತ್ತುಹೋಗಿ ಎರಡು ಸಲ ಹೊಲಿಸಿದ್ದು. ಆದಿಕಾಂಡ 12ನೇ ಅಧ್ಯಾಯ ತೆಗೆದರೆ, ದೇವರು ಅಬ್ರಾಮನಿಗೆ (ಅಬ್ರಹಾಮನ ಮೊದಲ ಹೆಸರು) ‘ನಿನ್ನನ್ನು ಆಶೀರ್ವದಿಸುವೆನು, ನಿನ್ನ ಹೆಸರನ್ನು ದೊಡ್ಡದು ಮಾಡುವೆನು’ ಎನ್ನುವ ಕಡೆ ಕೆಂಪು ಪೆನ್ಸಿಲಿನ ಗೆರೆ. ಗೆರೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ನೀಲಿ ಇಂಕು. ‘ನೀನು ಆಶೀರ್ವಾದವಾಗಿರುವೆ’ ಎಂಬ ಮಾತಿನ ಕೆಳಗೆ, ಮುಂದಿನ ವಚನದ ‘ನಿನ್ನ ಮೂಲಕ ಭೂಮಿಯ ಎಲ್ಲ ಕುಲದವರೂ’ ಎನ್ನುವವರೆಗೆ, ಅದೇ ಗೆರೆ ನೀಲಿಯಲ್ಲಿ ಮುಂದುವರಿಯುತ್ತದೆ. ಕೆಂಪಿಗೂ ನೀಲಿಗೂ ನಡುವೆ ಎಷ್ಟೋ ವರ್ಷಗಳಿವೆ. ಆ ನಡುವೆ ಒಂದು ವರ್ಷ ಅಪ್ಪನ ಕೆಲಸ ಹೋಯಿತು. ಪ್ರತಿ ತಿಂಗಳು ಬಾಗಿಲ ಸಂದಿಯಲ್ಲಿ ಒಂದು ಕವರು ಬಂದು ಬೀಳುತ್ತಿತ್ತು. ಹೆಸರಿಲ್ಲ, ಚೀಟಿಯಿಲ್ಲ, ಒಳಗೆ ದುಡ್ಡು ಮಾತ್ರ. ಹನ್ನೊಂದು ತಿಂಗಳು ಬಂತು. ನಮ್ಮ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಟೈಲರ್ ಒಬ್ಬರು ತೀರಿಕೊಂಡಾಗ, ಅದನ್ನು ಹಾಕುತ್ತಿದ್ದವರು ಅವರು ಎಂದು ಅವರ ಹೆಂಡತಿಯ ಬಾಯಿಂದ ಗೊತ್ತಾಯಿತು. ಅವರಿಗೇ ಕೈತುಂಬ ದುಡಿಮೆ ಇರಲಿಲ್ಲ. ಆವತ್ತು ರಾತ್ರಿ ಅಪ್ಪ ಪೆನ್ನು ಹಿಡಿದು ಬೈಬಲ್ ಮುಂದೆ ಕೂತಿದ್ದನ್ನು ನಾನು ನೋಡಿದ್ದೇನೆ.

ಅಂದಿನಿಂದ ನನಗೊಂದು ಅಭ್ಯಾಸ. ಯಾರಾದರೂ ಆಶೀರ್ವಾದದ ವಚನ ಹೇಳಿದರೆ ಮುಂದಿನದನ್ನೂ ಹಿಂದಿನದನ್ನೂ ತೆಗೆದು ನೋಡುತ್ತೇನೆ. ‘ಕೊಡಿರಿ, ಆಗ ನಿಮಗೂ ಕೊಡಲ್ಪಡುವುದು’ ಎಂಬುದು ಲೂಕನ 6ನೇ ಅಧ್ಯಾಯ. ಮೂರು ವಚನ ಹಿಂದೆ ಹೋಗಿ. ವಾಪಸ್ಸು ಬರುತ್ತದೆಂಬ ಆಸೆ ಇಲ್ಲದೆ ಸಾಲ ಕೊಡಿ ಎಂದಿದೆ. ಪರಲೋಕದ ಕಿಟಕಿ ತೆರೆದು ಆಶೀರ್ವಾದ ಸುರಿಸುವೆನು ಎಂಬುದು ಮಲಾಕಿಯನ 3ನೇ ಅಧ್ಯಾಯ, 10ನೇ ವಚನ. ನಿಮ್ಮ ಪಾಸ್ಟರ್ ಓದಿಯೇ ಇರುತ್ತಾರೆ, ಅಲ್ವಾ? ಅದೇ ಅಧ್ಯಾಯದ 5ನೇ ವಚನದಲ್ಲಿ ದೇವರು ಯಾರ ಮೇಲೆ ಸಾಕ್ಷಿಯಾಗಿ ಬರುತ್ತಾನೆ ಗೊತ್ತೇ? ಕೂಲಿಯವನ ಸಂಬಳದಲ್ಲಿ ಮೋಸ ಮಾಡುವವರ ಮೇಲೆ, ವಿಧವೆಯನ್ನೂ ಅನಾಥನನ್ನೂ ಹಿಂಸಿಸುವವರ ಮೇಲೆ, ಪರದೇಶಿಗೆ ನ್ಯಾಯ ತಪ್ಪಿಸುವವರ ಮೇಲೆ. ಆ ವಚನವನ್ನು ಗೋಡೆಗೆ ತೂಗುಹಾಕಿದ ಮನೆ ನಾನು ನೋಡಿಲ್ಲ.

ಇನ್ನು ನಿಮ್ಮ ದಶಮಾಂಶ. ಒಂದು ತಿಂಗಳೂ ತಪ್ಪಿಸಿಲ್ಲ ಎಂದಿರಿ, ಅದು ಸಣ್ಣ ಮಾತಲ್ಲ. ಆದರೆ ಧರ್ಮೋಪದೇಶಕಾಂಡದ 14ನೇ ಅಧ್ಯಾಯದ ಕೊನೆಯನ್ನು ಇವತ್ತು ರಾತ್ರಿ ಓದಿ. ಮೂರು ವರ್ಷಕ್ಕೊಮ್ಮೆ ಬೆಳೆಯ ದಶಮಾಂಶವನ್ನು ದೂರಕ್ಕೆ ಒಯ್ಯದೆ ಊರಲ್ಲೇ ಇಡಬೇಕು. ಸ್ವಂತ ಜಮೀನಿಲ್ಲದ, ದೇವಸೇವೆಯ ಕುಲದ ಲೇವಿ, ಪರದೇಶಿ, ಅನಾಥ, ವಿಧವೆ ಬಂದು ಹೊಟ್ಟೆ ತುಂಬ ತಿನ್ನಬೇಕು. ಹೀಗೆ ಮಾಡಿದರೆ ನಿನ್ನ ಕೈಕೆಲಸವನ್ನು ದೇವರು ಆಶೀರ್ವದಿಸುವನು ಎಂದು ಅಧ್ಯಾಯ ಮುಗಿಯುತ್ತದೆ. ‘ದಶಮಾಂಶ ಕೊಟ್ಟಾಯ್ತು, ಆಗಲ್ಲ’ ಎಂದು ನೀವು ಯಾರಿಗೆ ಹೇಳಿದಿರೋ, ದಶಮಾಂಶ ಇದ್ದದ್ದೇ ಅಂಥವರಿಗೂ ಸೇರಿ. ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಇದನ್ನು ಯಾರೂ ಪೂರ್ತಿ ಓದಿ ಹೇಳಿಲ್ಲ.

ಈ ಅರ್ಧ ಓದು ಹೊಸದೇನೂ ಅಲ್ಲ. ಇಂಗ್ಲೆಂಡಿನ ಬೋಧಕ, ಮೆಥಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ ದುಡ್ಡಿನ ಬಗ್ಗೆ ಮೂರು ಮಾತು ಹೇಳಿದ್ದರು: ಆದಷ್ಟು ಗಳಿಸಿ, ಆದಷ್ಟು ಉಳಿಸಿ, ಆದಷ್ಟು ಕೊಡಿ. ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ, 1789ರಲ್ಲಿ, ಅವರು ಒಂದು ಪ್ರಸಂಗದಲ್ಲಿ ನೊಂದು ಹೇಳುತ್ತಾರೆ: ಮೊದಲನೆಯದನ್ನು ಪಾಲಿಸುವವರು ಬಹಳ ಜನ, ಎರಡನೆಯದನ್ನು ಕೆಲವರು, ಮೂರನೆಯದನ್ನು ಪಾಲಿಸುವವರನ್ನು ಹುಡುಕಬೇಕು. ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕವನ್ನೂ ಅವರು ಹೇಳಿದ್ದಾರೆ. ಆ ಯುವಕ ವೆಸ್ಲಿಯೇ ಎಂದು ಅವರ ಬದುಕನ್ನು ಓದಿ ಬಲ್ಲ ಹಲವರು ನಂಬುತ್ತಾರೆ. ಮೊದಲ ವರ್ಷ 30 ಪೌಂಡ್ ಬಂತು. 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು. ಆಗಲೂ 28ರಲ್ಲೇ ಬದುಕಿ 32 ಕೊಟ್ಟ. ಮೂರನೇ ವರ್ಷ 90, ಕೊಟ್ಟದ್ದು 62. ನಾಲ್ಕನೇ ವರ್ಷ 120, ಕೊಟ್ಟದ್ದು 92. ಆದಾಯ ನಾಲ್ಕು ಪಟ್ಟಾದರೂ ಖರ್ಚು ಇದ್ದಲ್ಲೇ ಇತ್ತು. ನೀವೂ 28ರಲ್ಲೇ ಬದುಕಿ ಎನ್ನುತ್ತಿಲ್ಲ. ಆದರೆ ನಿಮ್ಮ ಹತ್ತು ವರ್ಷದಲ್ಲಿ ಮನೆ, ಕಾರು, ಖರ್ಚು ಎಲ್ಲ ಬೆಳೆಯಿತು, ಕೊಡುವ ಪಾಲು ಮಾತ್ರ ಹತ್ತರಲ್ಲಿ ಒಂದಕ್ಕೇ ಯಾಕೆ ನಿಂತಿತು?

ಅದಕ್ಕೂ ಹಿಂದೆ, ನಾಲ್ಕನೇ ಶತಮಾನದಲ್ಲಿ, ಈಗಿನ ಟರ್ಕಿಯಲ್ಲಿರುವ ಕಪ್ಪದೋಕ್ಯದಲ್ಲಿ ಬರ ಬಿತ್ತು. ಕಣಜ ತುಂಬಿಟ್ಟುಕೊಂಡು ಬೆಲೆ ಏರಲಿ ಎಂದು ಕಾಯುತ್ತಿದ್ದವರಿಗೆ ಬೆಸಿಲ್ ಎಂಬ ಸಭಾ ಹಿರಿಯ ಹೇಳಿದ: ನೀನು ಬಚ್ಚಿಟ್ಟ ರೊಟ್ಟಿ ಹಸಿದವನದು, ಪೆಟ್ಟಿಗೆಯೊಳಗಿನ ಅಂಗಿ ಬಟ್ಟೆಯಿಲ್ಲದವನದು, ನಿನ್ನ ಮನೆಯಲ್ಲಿ ಕೊಳೆಯುತ್ತಿರುವ ಚಪ್ಪಲಿ ಬರಿಗಾಲಿನವನದು. ಹೇಳಿ ಸುಮ್ನೆ ಕೂರಲಿಲ್ಲ. ಹಸಿದವರನ್ನು ಒಟ್ಟುಗೂಡಿಸಿ ಉಣಬಡಿಸಿದ. ಆಮೇಲೆ ಕೈಸರೈಯ ಪಟ್ಟಣದ ಹೊರಗೆ ರೋಗಿಗಳಿಗೂ ಬಡವರಿಗೂ ದೊಡ್ಡ ಆಸರೆಮನೆಯನ್ನೇ ಕಟ್ಟಿಸಿದ.

ನನಗೆ ಸಿಟ್ಟು ಬರುವುದು ಐಶ್ವರ್ಯವಂತರ ಮೇಲಲ್ಲ. ಒಮ್ಮೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆ. ನನ್ನ ಪಕ್ಕದಲ್ಲಿ ಒಬ್ಬ ವಿಧವೆ. ಬಾಡಿಗೆ ಬಾಕಿ ಇದೆ, ಪ್ರಾರ್ಥನೆ ಮಾಡಿ ಎಂದು ಕೇಳಿದರು. ಬೋಧಕರು ‘ಬಿತ್ತಿದರೆ ತಾನೇ ಕೊಯ್ಯೋದು, ಅಮ್ಮಾ’ ಎಂದರು. ಆಕೆ ಪರ್ಸಿನ ಜಿಪ್ಪು ಎಳೆದು, ನೋಟು ಬೇರೆ ನಾಣ್ಯ ಬೇರೆ ಮಾಡಿ, ನೋಟೆಲ್ಲ ಕಾಣಿಕೆ ತಟ್ಟೆಗೆ ಹಾಕಿದರು. ನಾಣ್ಯ ಬಸ್ಸಿಗೆ. ನಾನು ಬಾಯಿ ಬಿಡಲಿಲ್ಲ. ಆ ಮೌನ ಇವತ್ತಿಗೂ ನನ್ನನ್ನು ಕಾಡುತ್ತದೆ. ಬಿತ್ತುವ ಕೊಯ್ಯುವ ಆ ಮಾತು ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದ್ದು. ಯೆರೂಸಲೇಮಿನ ಬಡವರಿಗೆ ಹಣ ಕೂಡಿಸುವಾಗ ಬರೆದದ್ದು. ಬಡವರಿಗಾಗಿ ಬರೆದ ವಚನ ಹಿಡಿದು ಬಡವಳ ಪರ್ಸು ಖಾಲಿ ಮಾಡಿಸಿದರು! ವಿಧವೆಯ ಎರಡು ಕಾಸಿನ ಕಥೆಗೂ ಇದೇ ಗತಿ. ಅದು ಮಾರ್ಕನ 12ನೇ ಅಧ್ಯಾಯದ 41ನೇ ವಚನದಿಂದ ಶುರು. ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳಿಗೆ ಯೇಸು ಕೊಟ್ಟ ಎಚ್ಚರಿಕೆ ಅದಕ್ಕೆ ಅಂಟಿಕೊಂಡೇ ಇದೆ, 40ನೇ ವಚನದಲ್ಲಿ.

ದೇವರು ಮಾಡಿದ ಉಪಕಾರ ಹೇಳಿಕೊಂಡು ನಮ್ಮ ಪತ್ರಿಕೆಗೆ ಬರುವ ಸಾಕ್ಷಿಗಳೂ ಈಗೀಗ ಹಾಗೇ ಆಗಿವೆ. ಮನೆ ಕೊಂಡೆ, ವೀಸಾ ಸಿಕ್ಕಿತು, ಬಡ್ತಿ ಆಯಿತು, ಸ್ತೋತ್ರ. ನಿಜವಾದ ಕೃತಜ್ಞತೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಮನೆಯಲ್ಲಿ ಯಾರಿಗೆ ಒಂದು ರಾತ್ರಿ ಜಾಗ ಸಿಕ್ಕಿತು ಎಂದು ಯಾರೂ ಬರೆಯುವುದಿಲ್ಲ. ಬರೆದರೆ ಜೊತೆಗೆ ಫೋಟೋ ಇರುತ್ತದೆ. ಕಂಬಳಿ ಒಂದು, ಅದನ್ನು ಹಿಡಿದ ಕೈ ಎಂಟು, ನಡುವೆ ತಲೆ ತಗ್ಗಿಸಿ ನಿಂತ ಒಂದು ಮುದಿ ಜೀವ. ಅಂಥ ಫೋಟೋಗಳನ್ನು ನಾವು ಇನ್ನು ಮುಂದೆ ಹಾಕುವುದಿಲ್ಲ.

ನಿಮಗೆ ನಿದ್ದೆ ಬರುತ್ತಿಲ್ಲ ಎಂದು ಓದಿ ನನಗೆ ಸಮಾಧಾನವಾಯಿತು. ಸಹಿಯ ಕೆಳಗಿನ ಆ ಸಾಲುಗಳನ್ನು ನಿಮ್ಮಿಂದ ಬರೆಸಿದ್ದು ಭಾವನವರ ಚುಚ್ಚುಮಾತಲ್ಲ. ಫೀಸು ಕಟ್ಟುವ ದಿನ ಇನ್ನೂ ಮುಗಿದಿರದಿದ್ದರೆ ನಾಳೆ ಬೆಳಿಗ್ಗೆಯೇ ಸಾಲ ಕೇಳಿದ ಆ ಕೆಲಸದವರನ್ನು ಕರೆಯಿರಿ. ಬೇರೆಯವರ ಎದುರಿಗೆ ಬೇಡ. ಸಾಲ ಅಂತ ಬರೆದುಕೊಳ್ಳಬೇಡಿ. ಆಮೇಲೆ ಆರೂ ಜನರ ಸಂಬಳದ ಪುಸ್ತಕ ತೆಗೆದು, ಮಲಾಕಿಯನ ಆ 5ನೇ ವಚನವನ್ನು ಪಕ್ಕದಲ್ಲಿಟ್ಟುಕೊಂಡು ಒಮ್ಮೆ ನೋಡಿ. ಮಗಳ ಫೀಸಿಗೆ ಅವರು ಕೈಚಾಚುವ ಹಾಗಾದದ್ದು ಯಾಕೆ ಎಂದು ಅಲ್ಲೇ ತಿಳಿಯಬಹುದು. ಹುಡುಗಿ ಕಾಲೇಜಿಗೆ ಸೇರಿದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಅದನ್ನು ಪತ್ರಿಕೆಯಲ್ಲಿ ಹಾಕುವುದಿಲ್ಲ.