ಬಚ್ಚಿಡಲು ಏನಿದೆ ಎಂದು ಕೇಳುವವರಿಗೆ

ಬನಶಂಕರಿಯ ಅಪಾರ್ಟ್‌ಮೆಂಟ್ ಸಂಘವೊಂದರ ಕಾರ್ಯದರ್ಶಿ ಬರೆದಿದ್ದಾರೆ: "ಕಳ್ಳತನದ ಭಯಕ್ಕೆ 8 ಕ್ಯಾಮೆರಾ ಹಾಕಿಸಿದೆವು. ಮನೆಗೆಲಸದವರು, ಡ್ರೈವರ್‌ಗಳು ಎಲ್ಲರ ಆಧಾರ್ ಜೆರಾಕ್ಸ್ ತೆಗೆದುಕೊಂಡು ಫೈಲ್ ಮಾಡಿದ್ದೇವೆ. ಕೆಲವು ನಿವಾಸಿಗಳು ಖಾಸಗಿತನ ಎಂದು ತಕರಾರು ತೆಗೆದಿದ್ದಾರೆ. ತಪ್ಪು ಮಾಡದವನಿಗೆ ಬಚ್ಚಿಡಲು ಏನಿದೆ?"

ಸಂಪಾದಕರ ಉತ್ತರ:

ಕಾರ್ಯದರ್ಶಿಗಳೇ, ಸಂಬಳವಿಲ್ಲದ ಈ ಹುದ್ದೆಯ ಕಷ್ಟ ನಮಗೆ ಗೊತ್ತು. ಪಾರ್ಕಿಂಗ್‌ನಲ್ಲಿ ಬೈಕ್ ಕಳುವಾದರೆ ಮೊದಲು ಬೈಸಿಕೊಳ್ಳುವವರು ನೀವೇ. ಗೇಟಿಗೊಂದು, ಲಿಫ್ಟಿನ ಎದುರಿಗೊಂದು ಕ್ಯಾಮೆರಾ ಇರಲಿ, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಕೊನೆಯ ಪ್ರಶ್ನೆಯನ್ನು ಹಾಗೇ ಬಿಡಲು ಮನಸ್ಸು ಒಪ್ಪುತ್ತಿಲ್ಲ.

2023ರಲ್ಲಿ ಬೆಂಗಳೂರಿನಲ್ಲಿ ಆದದ್ದನ್ನು ನೆನಪು ಮಾಡಿಕೊಳ್ಳಿ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನ್ಯಾಯವಾಗಿ ಆಸ್ತಿ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಯಿಂದ ಹಣ ಹೋಗತೊಡಗಿತು. ನೋಂದಣಿ ಪತ್ರದ ಪ್ರತಿಯಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಕಳ್ಳರಿಗೆ ಬೇಕಾದದ್ದು ಅಷ್ಟೇ. ಆ ಗುರುತಿನಿಂದ ಸಿಲಿಕೋನ್ ಬೆರಳು ತಯಾರಿಸಿ, ಬೆರಳು ಒತ್ತಿ ಹಣ ತೆಗೆಯುವ ಪುಟ್ಟ ಯಂತ್ರವಾದ ಮೈಕ್ರೋ ಎಟಿಎಂ ಮೇಲೆ ಇಟ್ಟರೆ ಆಯಿತು. ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆ ಕೇಳುವುದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಮಾತ್ರ. ಒಟಿಪಿ ಇಲ್ಲ, ಪಿನ್ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ ಹೋಗುತ್ತದೆ. ಹಣ ಕಳೆದುಕೊಂಡ ಆ ಜನ ಯಾವ ತಪ್ಪು ಮಾಡಿದ್ದರು, ಏನನ್ನು ಬಚ್ಚಿಟ್ಟಿದ್ದರು?

ಈಗ ನಿಮ್ಮ ಫೈಲಿಗೆ ಬನ್ನಿ. ಅದು ಸೆಕ್ಯುರಿಟಿಯವರ ಮೇಜಿನ ಮೇಲೋ ಬೀಗವಿಲ್ಲದ ಡ್ರಾಯರಿನಲ್ಲೋ ಇರುತ್ತದೆ. ಮೂರು ತಿಂಗಳಿಗೊಮ್ಮೆ ಏಜೆನ್ಸಿ ಗಾರ್ಡನ್ನು ಬದಲಿಸುತ್ತದೆ. ಕೆಲಸ ಬಿಟ್ಟು ಹೋದವರ ಜೆರಾಕ್ಸ್ ಮಾತ್ರ ಅಲ್ಲೇ ಉಳಿಯುತ್ತದೆ, ಕೊನೆಗೆ ಹಳೆ ಪೇಪರಿನ ಜೊತೆ ರದ್ದಿ ಅಂಗಡಿ ಸೇರುತ್ತದೆ. ಗುರುತು ಬೇಕೇ ಬೇಕಿದ್ದರೆ ಮಾಸ್ಕ್ಡ್ ಆಧಾರ್ ಕೇಳಿ. ಆಧಾರ್‌ನ ಅಧಿಕೃತ ಜಾಲತಾಣವಾದ ಮೈಆಧಾರ್ ಪೋರ್ಟಲಿನಲ್ಲಿ ಡೌನ್‌ಲೋಡ್ ಮಾಡುವಾಗ ಮಾಸ್ಕ್ಡ್ ಎಂಬ ಚೌಕದಲ್ಲಿ ಟಿಕ್ ಹಾಕಿದರೆ ಮೊದಲ 8 ಅಂಕಿ ಮರೆಯಾಗಿ ಕೊನೆಯ 4 ಮಾತ್ರ ಕಾಣುತ್ತವೆ. ಪಿಡಿಎಫ್ ತೆರೆಯಲು ಪಾಸ್‌ವರ್ಡ್: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದಕ್ಕಂಟಿ ಹುಟ್ಟಿದ ಇಸವಿ. ಪ್ರಿಂಟಿನ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಬರೆಸಿ. ಪ್ರಿಂಟಿಗೆಂದು ಆ ಪಿಡಿಎಫ್ ಅನ್ನು ವಾಟ್ಸಾಪಿನಲ್ಲಿ ಜೆರಾಕ್ಸ್ ಅಂಗಡಿಗೆ ಕಳಿಸುವ ಅಭ್ಯಾಸ ಬೇಡ. ನೀವು ನಿಮ್ಮ ಫೋನಿನಲ್ಲಿ ಅಳಿಸಿದರೂ ಅಂಗಡಿ ಕಂಪ್ಯೂಟರಿನ ಡೌನ್‌ಲೋಡ್ಸ್‌ನಲ್ಲಿ ಅದು ಕೂತಿರುತ್ತದೆ.

ಅದೇ ಮೈಆಧಾರ್ ಪೋರ್ಟಲಿನಲ್ಲಿ ಬಯೋಮೆಟ್ರಿಕ್ ಲಾಕ್, ಅಂದರೆ ಬೆರಳಿನ ಗುರುತಿಗೆ ಹಾಕುವ ಬೀಗ ಇದೆ. ಹಾಕಿಕೊಂಡರೆ ನಕಲಿ ಬೆರಳು ನಡೆಯುವುದಿಲ್ಲ. ಅಸಲಿಯೂ ನಡೆಯುವುದಿಲ್ಲ ಎಂಬುದು ನೆನಪಿರಲಿ: ನ್ಯಾಯಬೆಲೆ ಅಂಗಡಿಗೆ ಹೋಗುವ ಮುಂಚೆ ತಾತ್ಕಾಲಿಕವಾಗಿ ತೆರೆಯಬೇಕು. ಮನೆಗೆಲಸದ ಹೆಣ್ಣುಮಕ್ಕಳು ಎಡವುವುದು ಇದಕ್ಕೂ ಮೊದಲೇ. ಆಧಾರ್‌ಗೆ ಜೋಡಿಸಿದ ಫೋನ್ ಗಂಡನದೋ ಎಂದೋ ಬಿಟ್ಟ ಸಿಮ್ಮಿನದೋ ಆಗಿರುತ್ತದೆ, ಒಟಿಪಿ ಬರುವುದೇ ಇಲ್ಲ. ನಂಬರ್ ಬದಲಿಸಲು ಸಾಮಾನ್ಯವಾಗಿ ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕಾಗುತ್ತದೆ, ಅರ್ಧ ದಿನದ ಕೂಲಿ ಬಿಟ್ಟು. ಆ ಅರ್ಧ ದಿನದ ಸಂಬಳವನ್ನು ನಿಮ್ಮ ನಿವಾಸಿಗಳು ಹಿಡಿಯದಿದ್ದರೆ, ಕಾರ್ಯದರ್ಶಿಗಳೇ, ಅದು ಎಂಟು ಕ್ಯಾಮೆರಾಗಿಂತ ದೊಡ್ಡ ಭದ್ರತೆ.

ಕ್ಯಾಮೆರಾ ವಿಚಾರ. ಹಾಕಿದ ಹುಡುಗ ಇಟ್ಟ ಪಾಸ್‌ವರ್ಡೇ ಈಗಲೂ ಇದೆಯೇ ನೋಡಿ. ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿಕೊಂಡ ಹಿಂದಿನ ಸಮಿತಿಯವರ ಫೋನುಗಳಲ್ಲಿ ನಿಮ್ಮ ಮೆಟ್ಟಿಲು ಇವತ್ತಿಗೂ ಕಾಣುತ್ತಿರಬಹುದು. ಆ್ಯಪ್‌ನಲ್ಲಿ ಹಂಚಿಕೆಯ ಪಟ್ಟಿ ತೆರೆದು ಬೇಡದವರನ್ನು ತೆಗೆಯಿರಿ, ರೂಟರಿನಲ್ಲಿ ಹೊರಗಿನ ಇಂಟರ್ನೆಟ್ಟಿಗೆ ತಾನೇ ದಾರಿ ತೆರೆಯುವ ಯುಪಿಎನ್‌ಪಿ ಸೌಲಭ್ಯವನ್ನು ಆಫ್ ಮಾಡಿ, ಮೈಕ್ ಇದ್ದರೆ ಅದನ್ನೂ ಆಫ್ ಮಾಡಿ. ಯಾರದೋ ಮನೆ ಬಾಗಿಲು ಚೌಕಟ್ಟಿನೊಳಗೆ ಬರುತ್ತಿದ್ದರೆ ಮೆನುವಿನಲ್ಲಿ ಪ್ರೈವೆಸಿ ಮಾಸ್ಕ್ ಎಂದಿರುತ್ತದೆ. ಅಷ್ಟು ಜಾಗಕ್ಕೆ ಕಪ್ಪು ಚೌಕ ಎಳೆಯಿರಿ. 2 ಎಂಬಿಪಿಎಸ್ ವೇಗದಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಜಿಬಿ ತುಂಬಿಸುತ್ತದೆ. ಎಂಟಕ್ಕೆ 2 ಟಿಬಿ ಡಿಸ್ಕ್ ಹತ್ತು-ಹನ್ನೊಂದು ದಿನ ಬರುತ್ತದೆ, ಆಮೇಲೆ ತಾನೇ ಹಳೆಯದನ್ನು ಅಳಿಸಿ ಬರೆಯುತ್ತದೆ. ಕಳುವಾದದ್ದು ಗೊತ್ತಾಗಲು ಅಷ್ಟು ದಿನ ಧಾರಾಳ ಸಾಕು. ದೊಡ್ಡ ಡಿಸ್ಕ್ ಮಾರಲು ಬಂದವರಿಗೆ ಬೇಡವೆನ್ನಿ.

ನಿಮ್ಮ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ರ ವಯಸ್ಸಿನಲ್ಲಿ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹಕ್ಕೇ ಹೌದು ಎಂದಿತು. ಅಷ್ಟು ಇಳಿವಯಸ್ಸಿನಲ್ಲಿ ಅವರು ಗೆದ್ದುಕೊಟ್ಟದ್ದನ್ನು ನಾವು ಸಾಕ್ಸ್ ಕೊಳ್ಳುವಾಗ ಬಿಲ್ ಕೌಂಟರಿನಲ್ಲಿ ಫೋನ್ ನಂಬರ್ ಹೇಳಿ ಬಿಟ್ಟುಕೊಡುತ್ತಿದ್ದೇವೆ. ನಂಬರ್ ಕೊಡದಿದ್ದರೆ ಬಿಲ್ ಆಗುವುದಿಲ್ಲ ಎನ್ನುತ್ತಾರೆ. ಕೊಡುವುದಿಲ್ಲ ಎಂದು ನಿಂತರೆ ಬಿಲ್ ಆಗುತ್ತದೆ. ದತ್ತಾಂಶ ರಕ್ಷಣೆಗೆ 2023ರಲ್ಲಿ ಕಾಯ್ದೆಯೇನೋ ಬಂತು, ಸರ್ಕಾರ ತನಗೆ ಮಾತ್ರ ಧಾರಾಳ ವಿನಾಯಿತಿ ಇಟ್ಟುಕೊಂಡಿತು. ಸೇಫ್ ಸಿಟಿ ಹೆಸರಿನಲ್ಲಿ ನಗರದ ತುಂಬ ಸಾವಿರಾರು ಕ್ಯಾಮೆರಾ ನಿಂತಿವೆ. ಅವುಗಳಲ್ಲಿ ದಾಖಲಾದ ಮುಖ ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ ಎಂದು ಕೇಳುವುದು ನಾಗರಿಕರ ಹಕ್ಕು. ಸೊಪ್ಪು ಮಾರುವವಳ ಬ್ಯಾಗ್ ತಪಾಸಣೆಗೆ ಎರಡು ತಾಸು ಚರ್ಚಿಸುವ ಸಭೆಗಳು ಇದನ್ನು ಕೇಳುವುದಿಲ್ಲವಲ್ಲ ಎಂಬುದೇ ನಮ್ಮ ಸಂಕಟ.

ಮುಂದಿನ ಸಭೆಗೆ ಆ ಫೈಲ್ ತೆಗೆದುಕೊಂಡು ಹೋಗಿ. ಕೆಲಸ ಬಿಟ್ಟವರ ನಕಲುಗಳನ್ನು ಬೇರೆ ಮಾಡಿ, ಸಂಖ್ಯೆ, ಫೋಟೋ ಎರಡೂ ತುಂಡಾಗುವಂತೆ ಎಲ್ಲರೆದುರೇ ಕತ್ತರಿಸಿ. ಇರುವವರಿಗೆ ಅವರವರ ಪ್ರತಿ ಹಿಂದಿರುಗಿಸಿ, ರಿಜಿಸ್ಟರಿನಲ್ಲಿ ಹೆಸರು, ಫೋನು, ಯಾವ ಮನೆ ಎಂದಷ್ಟೇ ಬರೆದುಕೊಳ್ಳಿ.