ಮಗನಿಗೆ 16 ಆಯ್ತು, ಚೈಲ್ಡ್ ಬೆನಿಫಿಟ್ ನಿಂತುಹೋಗುತ್ತಾ?

ಪ್ರಶ್ನೆ: ನಮ್ಮೂರು ಹಾಸನ, ಈಗ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೇವೆ, ಇಲ್ಲಿನ ಪೌರತ್ವವೂ ಸಿಕ್ಕಿದೆ. ದೊಡ್ಡ ಮಗನಿಗೆ 16 ತುಂಬಿ ಜಿಸಿಎಸ್‌ಇ (ಇಲ್ಲಿನ ಎಸ್ಸೆಸ್ಸೆಲ್ಸಿ ಥರದ ಪರೀಕ್ಷೆ) ಮುಗಿಯಿತು. ಸೆಪ್ಟೆಂಬರಿನಿಂದ ಎ ಲೆವೆಲ್ (ಪಿಯುಸಿ ಥರದ್ದು) ಓದುತ್ತಾನೆ. ಚಿಕ್ಕವಳಿಗೆ 11. ಚೈಲ್ಡ್ ಬೆನಿಫಿಟ್ (ಮಕ್ಕಳ ಖರ್ಚಿಗೆ ಸರ್ಕಾರ ಕೊಡುವ ಭತ್ಯೆ) ಬಗ್ಗೆ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಿಂದ ಕಾಗದ ಬಂದಿದೆ. 'ಅವನು ಓದ್ತಾನೇ ಇದ್ದಾನಲ್ಲ, ದುಡ್ಡು ತಾನಾಗಿಯೇ ಬರುತ್ತೆ' ಅಂತಾರೆ ನಮ್ಮನೆಯವರು. ನಿಜವೇ? ಮಗ ಮಧ್ಯದಲ್ಲಿ ಅಪ್ರೆಂಟಿಸ್‌ಶಿಪ್‌ಗೆ ಹೋದರೆ? ಮನೆಯವರ ಆದಾಯ ವರ್ಷಕ್ಕೆ 66,000 ಪೌಂಡ್, ನನ್ನದು ತುಂಬಾ ಕಡಿಮೆ.

ಉತ್ತರ: ಇಲ್ಲ, ತಾನಾಗಿ ಬರುವುದಿಲ್ಲ. ಆ ಕಾಗದವನ್ನು ಇವತ್ತೇ ತೆಗೆದು ಉತ್ತರ ಕೊಟ್ಟುಬಿಡಿ. 16 ತುಂಬಿದ ಮೇಲೆ ಬರುವ ಆಗಸ್ಟ್ 31ಕ್ಕೆ ದುಡ್ಡು ನಿಲ್ಲುವುದು ವಾಡಿಕೆ. ಮಗ ಓದು ಮುಂದುವರಿಸುತ್ತಾನೆ ಅಂತ ನೀವು ಹೇಳಿದರೆ ಮಾತ್ರ ಅದು ಮುಂದೆ ಹೋಗುತ್ತದೆ. ಶಾಲೆಯವರು ಹೇಳಿರುತ್ತಾರೆ ಅಂತ ಕಾಯಬೇಡಿ. ಆನ್‌ಲೈನ್‌ನಲ್ಲಿ, ಇಲ್ಲವೇ ಎಚ್‌ಎಂಆರ್‌ಸಿ ಆ್ಯಪ್‌ನಲ್ಲಿ ತಿಳಿಸಬಹುದು, ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ಆಗಸ್ಟ್ ದಾಟಿ ಹೋಗಿದ್ದರೂ ಸುಮ್ನೆ ಕೂರಬೇಡಿ, ತಿಳಿಸಿ.

ಇನ್ನು ಎಲ್ಲಿಯವರೆಗೆ ಸಿಗುತ್ತದೆ ಅನ್ನುವುದು. ಒಪ್ಪಿತ ಓದು ಅಥವಾ ತರಬೇತಿಯಲ್ಲಿದ್ದರೆ 20 ತುಂಬುವವರೆಗೆ. ಆದರೆ ಆ ಕೋರ್ಸ್ 19 ತುಂಬುವ ಮೊದಲೇ ಶುರುವಾಗಿರಬೇಕು, ಇಲ್ಲವೇ ಕಡೇಪಕ್ಷ ಸೀಟು ಸಿಕ್ಕಿರಬೇಕು. ವಾರಕ್ಕೆ ಸರಾಸರಿ 12 ಗಂಟೆಗಿಂತ ಜಾಸ್ತಿ ಮೇಷ್ಟ್ರ ಉಸ್ತುವಾರಿಯಲ್ಲಿ ನಡೆಯುವ ಓದಾಗಿರಬೇಕು, ಮನೆಯಲ್ಲಿ ಕೂತು ಮಾಡುವ ಹೋಮ್‌ವರ್ಕ್ ಈ ಲೆಕ್ಕಕ್ಕೆ ಬರುವುದಿಲ್ಲ. ಎ ಲೆವೆಲ್, ಟಿ ಲೆವೆಲ್ ಮತ್ತು 3ನೇ ಹಂತದವರೆಗಿನ ಎನ್‌ವಿಕ್ಯೂ (ಇವೆರಡೂ ವೃತ್ತಿ ಕೋರ್ಸ್‌ಗಳು), ಸ್ಕಾಟ್ಲೆಂಡಿನ ಶಾಲೆಗಳ ಹೈಯರ್ಸ್ ಎಲ್ಲ ನಡೆಯುತ್ತವೆ. ಡಿಗ್ರಿ ನಡೆಯುವುದಿಲ್ಲ. ಹಾಗಾಗಿ 18ಕ್ಕೇ ಯೂನಿವರ್ಸಿಟಿ ಸೇರಿದ ಹುಡುಗನಿಗೆ ಸಿಗುವುದಿಲ್ಲ, 19ರಲ್ಲೂ ಎ ಲೆವೆಲ್ ಓದುತ್ತಿರುವವನಿಗೆ ಸಿಗಬಹುದು. ಇಲ್ಲಿ ನೋಡುವುದು ವಯಸ್ಸೊಂದನ್ನೇ ಅಲ್ಲ, ಕೋರ್ಸ್ ಯಾವುದು ಅನ್ನುವುದನ್ನೂ.

ಅಪ್ರೆಂಟಿಸ್‌ಶಿಪ್ ವಿಷಯ ಕೇಳಿದ್ದು ಒಳ್ಳೆಯದಾಯ್ತು, ಜನ ಎಡವುವುದು ಅಲ್ಲೇ. ಇಂಗ್ಲೆಂಡಿನಲ್ಲಿ 18 ತುಂಬುವವರೆಗೆ ಮಕ್ಕಳು ಓದಿನಲ್ಲೋ ತರಬೇತಿಯಲ್ಲೋ ಇರಲೇಬೇಕು ಅಂತ ಕಾನೂನಿದೆ, ಆ ಕಾನೂನಿಗೆ ಅಪ್ರೆಂಟಿಸ್‌ಶಿಪ್ ಸಾಕು. ಅದನ್ನು ನೋಡಿದ ತಂದೆ ತಾಯಿ, ಸರ್ಕಾರವೇ ಇದನ್ನು ತರಬೇತಿ ಅಂತ ಒಪ್ಪಿದೆಯಲ್ಲ, ಹಾಗಾದರೆ ಚೈಲ್ಡ್ ಬೆನಿಫಿಟ್ಟೂ ಇರುತ್ತದೆ ಅಂದುಕೊಳ್ಳುತ್ತಾರೆ. ಇರುವುದಿಲ್ಲ. ಅಪ್ರೆಂಟಿಸ್ ಅಂದರೆ ಸಂಬಳ ತೆಗೆದುಕೊಳ್ಳುವ ಕೆಲಸಗಾರ, ಇಂಗ್ಲೆಂಡಿನಲ್ಲಿ ಅದು ಶುರುವಾದ ಕೂಡಲೇ ನೀವು ತಿಳಿಸಬೇಕು. ತಿಳಿಸದೆ ತಿಂಗಳುಗಟ್ಟಲೆ ದುಡ್ಡು ಬಂದರೆ ಅಷ್ಟನ್ನೂ ವಾಪಸ್ ಕೇಳುತ್ತಾರೆ, ಅಷ್ಟು ಹೊತ್ತಿಗೆ ಅದು ಖರ್ಚಾಗಿರುತ್ತದೆ, ಅಲ್ವಾ? ನನಗೆ ಇದು ತುಂಬಾ ಬೇಸರದ ಸಂಗತಿ, ಯಾಕೆಂದರೆ ಹೀಗೆ ಸಿಕ್ಕಿಬೀಳುವವರಲ್ಲಿ ಮೋಸ ಮಾಡುವ ಮನಸ್ಸಿನವರಿಗಿಂತ ಗೊತ್ತಿಲ್ಲದವರೇ ಜಾಸ್ತಿ.

ಹಾಗಂತ ದುಡ್ಡು ಹೋಗುತ್ತೆ ಅನ್ನುವ ಒಂದೇ ಕಾರಣಕ್ಕೆ ಮಗನನ್ನು ತಡೆಯಬೇಡಿ. ಲೆಕ್ಕ ನೋಡಿ. 2025-26ರ ದರದಲ್ಲಿ ಮೊದಲ ಮಗುವಿಗೆ ವಾರಕ್ಕೆ 26.05 ಪೌಂಡ್, ಆಮೇಲಿನ ಪ್ರತಿ ಮಗುವಿಗೆ 17.25. ದೊಡ್ಡವನ ಹೆಸರು ಬಿಟ್ಟುಹೋದರೆ ಚಿಕ್ಕವಳೇ 'ಮೊದಲ ಮಗು' ಆಗುತ್ತಾಳೆ, ಅವಳಿಗೆ 26.05 ಸಿಗುತ್ತದೆ. ಅಂದರೆ ನಿಮ್ಮ ಮನೆಗೆ ನಿಜವಾಗಿ ಕಡಿಮೆಯಾಗುವುದು ವಾರಕ್ಕೆ 17.25 ಮಾತ್ರ. ಅವನ ಸಂಬಳದ ಮುಂದೆ ಅದು ದೊಡ್ಡದಲ್ಲ.

ಮಗ ಎ ಲೆವೆಲ್ ಬಿಟ್ಟು ಸುಮ್ನೆ ಮನೆಯಲ್ಲಿ ಕೂತರೆ? ಆಗ ಅವತ್ತೇ ನಿಲ್ಲುವುದಿಲ್ಲ. ಫೆಬ್ರವರಿ ಕೊನೆ, ಮೇ 31, ಆಗಸ್ಟ್ 31, ನವೆಂಬರ್ 30, ಇವುಗಳಲ್ಲಿ ಯಾವುದು ಮೊದಲು ಬರುತ್ತದೋ ಅಲ್ಲಿಗೆ ನಿಲ್ಲುತ್ತದೆ. 16 ಅಥವಾ 17ರ ವಯಸ್ಸಿನವನಾಗಿದ್ದು, ಊರಿನ ಕೆರಿಯರ್ಸ್ ಸರ್ವಿಸ್‌ನಲ್ಲಿ (ಕೆಲಸ, ತರಬೇತಿಗೆ ದಾರಿ ತೋರಿಸುವ ಕಚೇರಿ) ಹೆಸರು ಬರೆಸಿದ್ದರೆ ಓದು ಬಿಟ್ಟ ಮೇಲೂ 20 ವಾರಗಳವರೆಗೆ ಕೇಳಬಹುದು, ಆದರೆ ಬಿಟ್ಟ 3 ತಿಂಗಳೊಳಗೆ ಕೇಳಬೇಕು. ಅವನು ವಾರಕ್ಕೆ 24 ಗಂಟೆ ಅಥವಾ ಹೆಚ್ಚು ಸಂಬಳದ ಕೆಲಸಕ್ಕೆ ಸೇರಿದರೆ ಇದು ಸಿಗುವುದಿಲ್ಲ. ಓದುತ್ತಲೇ ಶನಿವಾರ ಅಂಗಡಿಯಲ್ಲಿ ದುಡಿದರೆ ಏನೂ ತೊಂದರೆಯಿಲ್ಲ.

ಆದಾಯದ ಮಾತು. 2024ರ ಏಪ್ರಿಲ್‌ನಿಂದ ಬೆನಿಫಿಟ್ ಪೂರ್ತಿ ಉಳಿಯುವ ಆದಾಯದ ಮಿತಿ ವರ್ಷಕ್ಕೆ 60,000 ಪೌಂಡ್. ಅದರ ಮೇಲಿನ ಪ್ರತಿ 200 ಪೌಂಡಿಗೆ ಬೆನಿಫಿಟ್‌ನ ಶೇ 1ರಷ್ಟು ತೆರಿಗೆಯಾಗಿ ಹೋಗುತ್ತದೆ, 80,000ಕ್ಕೆ ಪೂರ್ತಿ ಹೋಗುತ್ತದೆ. ನಿಮ್ಮನೆಯವರದು 66,000, ಹಾಗಾಗಿ ಶೇ 30. ಇಬ್ಬರು ಮಕ್ಕಳಿಗೆ ವರ್ಷಕ್ಕೆ 2,251 ಪೌಂಡ್ ಬಂದರೆ ಸುಮಾರು 675 ಕಟ್ಟಬೇಕು, ಉಳಿದದ್ದು ನಿಮ್ಮದೇ. ಇಲ್ಲಿ ಗಂಡ ಹೆಂಡತಿಯ ಆದಾಯ ಕೂಡಿಸುವುದಿಲ್ಲ, ಇಬ್ಬರಲ್ಲಿ ಯಾರದು ಜಾಸ್ತಿಯೋ ಅವರದ್ದನ್ನು ಮಾತ್ರ ನೋಡುತ್ತಾರೆ. ಪೆನ್ಷನ್‌ಗೆ ಹೆಚ್ಚು ಹಾಕಿದರೆ ಲೆಕ್ಕಕ್ಕೆ ಬರುವ ಆದಾಯವೂ ತಗ್ಗುತ್ತದೆ, ಅವರ ಹತ್ತಿರ ಇದನ್ನು ಮಾತಾಡಿ.

ಕಡಿಮೆ ಆದಾಯದವರಿಗೆ ಸಿಗುವ ನೆರವಿಗೆ ಹಳಬರು ಈಗಲೂ 'ಟ್ಯಾಕ್ಸ್ ಕ್ರೆಡಿಟ್' ಅನ್ನುತ್ತಾರೆ. ಅದು 2025ರ ಏಪ್ರಿಲ್ 5ಕ್ಕೇ ಮುಗಿಯಿತು, ಈಗಿರುವುದು ಯೂನಿವರ್ಸಲ್ ಕ್ರೆಡಿಟ್. ಅದನ್ನು ಪಡೆಯುವ ಓದುಗರಿಗೆ ಒಂದು ಮಾತು: ಅದರಲ್ಲಿ ಮಗುವಿನ ಪಾಲು 20ರವರೆಗೆ ಹೋಗುವುದಿಲ್ಲ, 19 ತುಂಬಿದ ಮೇಲಿನ ಆಗಸ್ಟ್ 31ಕ್ಕೇ ಕೊನೆ. ಎಚ್‌ಎಂಆರ್‌ಸಿಗೆ ಹೇಳಿದ್ದು ಸಾಕು ಅಂದುಕೊಳ್ಳದೆ ಯೂನಿವರ್ಸಲ್ ಕ್ರೆಡಿಟ್ ಖಾತೆಯಲ್ಲೂ ಬೇರೆಯಾಗಿ ತಿಳಿಸಿ.

ಪ್ರಶ್ನೆ: ನಾನು ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಲಂಡನ್‌ನಲ್ಲಿದ್ದೇನೆ. ಹೆಂಡತಿ, ಮಗಳು ನನ್ನ ಅವಲಂಬಿತರ (ಡಿಪೆಂಡೆಂಟ್) ವೀಸಾದಲ್ಲಿದ್ದಾರೆ. ಮಗಳಿಗೆ 17, ಸರ್ಕಾರಿ ಶಾಲೆಯ ಸಿಕ್ಸ್ತ್ ಫಾರ್ಮ್‌ನಲ್ಲಿ (ಶಾಲೆಯ ಕೊನೆಯ ಎರಡು ವರ್ಷ) ಓದುತ್ತಾಳೆ. ತೆರಿಗೆ ಕಟ್ಟುತ್ತಿದ್ದೇನೆ, ಚೈಲ್ಡ್ ಬೆನಿಫಿಟ್ ಕೇಳಬಹುದೇ?

ಉತ್ತರ: ದಯವಿಟ್ಟು ಕೇಳಬೇಡಿ. ನಿಮ್ಮ ವೀಸಾದಲ್ಲಿ ಸಾರ್ವಜನಿಕ ನಿಧಿಯ ನೆರವು ಪಡೆಯಬಾರದು ಅಂತ ಷರತ್ತಿರುತ್ತದೆ, ಚೈಲ್ಡ್ ಬೆನಿಫಿಟ್ ಆ ಪಟ್ಟಿಯಲ್ಲಿದೆ. ತೆರಿಗೆ ಎಷ್ಟೇ ಕಟ್ಟಿದರೂ ಷರತ್ತು ಬದಲಾಗುವುದಿಲ್ಲ. ವಾರಕ್ಕೆ ಸಿಗುವ ಅಷ್ಟಿಷ್ಟು ಪೌಂಡಿನ ಆಸೆಗೆ ಮುಂದಿನ ವೀಸಾ ಅರ್ಜಿಗೆ ತೊಂದರೆ ತಂದುಕೊಂಡಂತಾಗುತ್ತದೆ. ಮಗಳ ಶಾಲೆಯ ಬಗ್ಗೆ ಹೆದರಬೇಡಿ, ಸರ್ಕಾರಿ ಶಾಲೆಯ ಓದು ಈ ಪಟ್ಟಿಯಲ್ಲಿಲ್ಲ. ನಿಮಗೆ ಐಎಲ್‌ಆರ್ (ಇಲ್ಲೇ ಖಾಯಂ ಆಗಿ ಇರಲು ಅನುಮತಿ) ಸಿಕ್ಕ ದಿನವೂ ಅವಳು ಇದೇ ಥರದ ಕೋರ್ಸ್‌ನಲ್ಲಿದ್ದು, 20 ತುಂಬಿರದಿದ್ದರೆ ಆಗ ಅರ್ಜಿ ಹಾಕಿ.